ಲ್ಯಾಕ್ರೋಸ್ ಆಡುವ ಮಕ್ಕಳಿಗೆ ಮನೆಯ ಮುಂದೆಯೇ ವಿಜ್ಞಾನ, ಗಣಿತ ಕಲಿಸುವುದು ಹೇಗೆ?

ಮೇರಿಲ್ಯಾಂಡ್, ನ್ಯೂಜೆರ್ಸಿ, ನ್ಯೂಯಾರ್ಕ್, ಮ್ಯಾಸಚುಸೆಟ್ಸ್ ಕಡೆ ಇರುವ ಎಷ್ಟೋ ಕನ್ನಡದ ಮನೆಗಳಲ್ಲಿ ಮಾರ್ಚ್ ಬಂತೆಂದರೆ ಕಾರಿನ ಡಿಕ್ಕಿಗೆ ಬಲೆ ಕಟ್ಟಿದ ಒಂದು ಕೋಲು, ಹೆಲ್ಮೆಟ್ಟು, ಕೆಸರಾದ ಶೂ ಸೇರಿಕೊಳ್ಳುತ್ತವೆ. ಆ ಕೋಲಿನ ತುದಿಯ ಬಲೆಯಲ್ಲೇ ಚೆಂಡು ಹಿಡಿದು, ಎಸೆದು, ಎದುರು ತಂಡದ ಗೋಲಿನೊಳಗೆ ಹಾಕುವ ಆಟ ಲ್ಯಾಕ್ರೋಸ್. ಕ್ರಿಕೆಟ್ ನೋಡಿ ಬೆಳೆದ ಅಪ್ಪ ಅಮ್ಮಂದಿರಿಗೆ ಇದರ ತಲೆಬುಡ ತಿಳಿಯುವುದಿಲ್ಲ. ಪರವಾಗಿಲ್ಲ. ಮಕ್ಕಳಿಗೆ ಪಾಠ ಹೇಳಿಕೊಡಬೇಕು ಅನ್ನುವವರಿಗೆ ಇದು ಅನುಕೂಲವೇ. ನಿಮಗೆ ಆಟ ಗೊತ್ತಿಲ್ಲ, ಮಗುವಿಗೆ ಗೊತ್ತು. ಹಾಗಾಗಿ "ಗೋಲಿ (ಗೋಲು ಕಾಯುವವನು) ಯಾಕೆ ಮುಂದೆ ಬಂದು ನಿಲ್ತಾನೆ?" ಎಂದು ನೀವು ಕೇಳಿದರೆ ಅದು ಪರೀಕ್ಷೆಯ ಪ್ರಶ್ನೆ ಅನ್ನಿಸುವುದಿಲ್ಲ. ಅಪ್ಪನಿಗೆ ನಿಜವಾಗಿಯೂ ಗೊತ್ತಿಲ್ಲ ಎಂದು ಮಗುವಿಗೆ ತಿಳಿದಿರುತ್ತದೆ. ಉತ್ತರ ಹೇಳುವ ಹುಮ್ಮಸ್ಸು ಅಲ್ಲಿಂದಲೇ ಬರುತ್ತದೆ.

ಕೆಳಗಿನ ಪ್ರಯೋಗಗಳು ಏಳೆಂಟು ವರ್ಷದ ಮಕ್ಕಳಿಂದ ಹಿಡಿದು ಹೈಸ್ಕೂಲಿನವರ ತನಕ ಹೊಂದುತ್ತವೆ. ಚಿಕ್ಕವರು ಅಳೆದು ಬರೆದರೆ ಸಾಕು. ದೊಡ್ಡವರು ಲೆಕ್ಕ ಮುಂದುವರಿಸಲಿ.

ಶುರು ಮಾಡುವ ಮುಂಚೆ

ಬೇಕಾದ ಸಾಮಾನು ಹೆಚ್ಚೇನಿಲ್ಲ. ಲ್ಯಾಕ್ರೋಸ್ ಸ್ಟಿಕ್, ಚೆಂಡು, ಅಳತೆ ಟೇಪು, ಸೀಮೆಸುಣ್ಣ, ಉದ್ದನೆಯ ದಾರ, ಅಡುಗೆಮನೆಯ ತಕ್ಕಡಿ, ಸ್ಲೋಮೋಷನ್ ಇರುವ ಫೋನು. ಜೊತೆಗೆ ಚೌಕುಳಿ ಗೆರೆಯ ಒಂದು ನೋಟ್‌ಬುಕ್.

ನಿಯಮ ಒಂದೇ: ಊಹೆ ಮೊದಲು, ಅಳತೆ ಆಮೇಲೆ, ಸೂತ್ರ ಕೊನೆಗೆ. ಊಹೆಯನ್ನು ಪೆನ್ನಿನಲ್ಲಿ ಬರೆಸಿ, ಪೆನ್ಸಿಲ್ ಬೇಡ. ಅಳಿಸಿ ತಿದ್ದುವ ಅವಕಾಶ ಇದ್ದರೆ ಮಕ್ಕಳು ಉತ್ತರ ಬಂದ ಮೇಲೆ "ನಾನೂ ಅದನ್ನೇ ಹೇಳಿದ್ದೆ" ಎಂದುಬಿಡುತ್ತಾರೆ!

ಸುರಕ್ಷತೆಯ ಮಾತು ಕೂಡ ಇಲ್ಲೇ. ಲ್ಯಾಕ್ರೋಸ್ ಚೆಂಡು ಗಟ್ಟಿ ರಬ್ಬರು, ಒಳಗೆ ಟೊಳ್ಳಿಲ್ಲ. ಮುಖಕ್ಕೆ ಬಿದ್ದರೆ ಹಲ್ಲು ಹೋಗುತ್ತದೆ. ಎಸೆಯುವ ಪ್ರಯೋಗಗಳಿಗೆಲ್ಲ ಟೆನಿಸ್ ಚೆಂಡು ಬಳಸಿ. ಗಟ್ಟಿ ಚೆಂಡು ಎಸೆಯಲೇಬೇಕಾದರೆ ಹೆಲ್ಮೆಟ್, ಗ್ಲೌಸ್ ಹಾಕಿ ಮೈದಾನದಲ್ಲಿ ಮಾಡಿ.

ಇನ್ನೊಂದು ವಿಷಯ. ಪಂದ್ಯದ ದಿನ ಇದ್ಯಾವುದೂ ಬೇಡ. ಸೋತು ಕಾರಿನಲ್ಲಿ ಮುಖ ಊದಿಸಿಕೊಂಡು ಕೂತ ಮಗುವಿಗೆ ಕೋನದ ಲೆಕ್ಕ ಹೇಳಲು ಹೋದರೆ ಆಟವೂ ಬೇಡವಾಗುತ್ತದೆ, ಗಣಿತವೂ ಬೇಡವಾಗುತ್ತದೆ.

ಮೊದಲ ಹೆಜ್ಜೆ: ಚೆಂಡನ್ನು ಅಳೆಯಿರಿ, ತೂಗಿ, ನೀರಿಗೆ ಹಾಕಿ

ನಿಯಮದ ಪ್ರಕಾರ ಚೆಂಡಿನ ಸುತ್ತಳತೆ 7.75ರಿಂದ 8 ಇಂಚು, ತೂಕ 5ರಿಂದ 5.25 ಔನ್ಸ್ ಇರಬೇಕು. ಅಂದರೆ ಸುತ್ತಳತೆ ಸುಮಾರು 20 ಸೆಂಟಿಮೀಟರ್, ತೂಕ 142ರಿಂದ 149 ಗ್ರಾಂ. ಇದನ್ನು ಮಗುವಿಗೆ ಮೊದಲೇ ಹೇಳಬೇಡಿ. ದಾರ ಸುತ್ತಿ ಅಳೆಯಲಿ, ತಕ್ಕಡಿಯಲ್ಲಿಟ್ಟು ನೋಡಲಿ.

ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ, 6.4 ಸೆಂ.ಮೀ. ಹತ್ತಿರ. ಅದರ ಅರ್ಧ ತ್ರಿಜ್ಯ, 3.2. ಗೋಳದ ಗಾತ್ರದ ಸೂತ್ರ ಕಲಿತ ಮಕ್ಕಳಿದ್ದರೆ ತ್ರಿಜ್ಯವನ್ನು ಮೂರು ಸಲ ಗುಣಿಸಿ, 3.14ರಿಂದ ಗುಣಿಸಿ, ಮತ್ತೆ 4/3ರಿಂದ ಗುಣಿಸಲಿ. 135 ಘನ ಸೆಂಟಿಮೀಟರ್ ಆಸುಪಾಸು ಬರುತ್ತದೆ. ಸೂತ್ರ ಕಲಿಯದವರು ಅಂಚಿನ ತನಕ ನೀರು ತುಂಬಿದ ಪಾತ್ರೆಗೆ ಚೆಂಡು ಇಳಿಬಿಟ್ಟು, ಹೊರಗೆ ಚೆಲ್ಲಿದ ನೀರನ್ನು ಅಳೆಯಬಹುದು. ಎರಡೂ ಮಾಡಿ ಹೋಲಿಸಿದರೆ ಇನ್ನೂ ಒಳ್ಳೇದು.

ಈಗ ತೂಕವನ್ನು ಗಾತ್ರದಿಂದ ಭಾಗಿಸಿ. 145 ಗ್ರಾಂ ಚೆಂಡಾದರೆ 1.07 ಬರುತ್ತದೆ, ಇದೇ ಚೆಂಡಿನ ಸಾಂದ್ರತೆ. ನೀರಿನ ಸಾಂದ್ರತೆ 1. ಹಾಗಾದರೆ ಚೆಂಡು ಮುಳುಗುತ್ತದೋ, ತೇಲುತ್ತದೋ? ಊಹೆ ಬರೆಸಿ, ಆಮೇಲೆ ಬಿಡಿ. ಮುಳುಗುತ್ತದೆ, ಆದರೆ ಕಲ್ಲಿನ ಹಾಗೆ ದಡ್ಡನೆ ಅಲ್ಲ, ನಿಧಾನಕ್ಕೆ ತಳ ಸೇರುತ್ತದೆ.

ಇಲ್ಲಿಗೆ ನಿಲ್ಲಿಸಬೇಡಿ. ಒಂದು ಲೀಟರಿನ ಜಗ್ಗು ತೆಗೆದುಕೊಂಡು, ಚೆಂಡು ತಳದಲ್ಲಿರುವಾಗಲೇ ಉಪ್ಪು ಹಾಕುತ್ತಾ, ಕಲಕುತ್ತಾ ಹೋಗಿ. ಹಾಕಿದ ಉಪ್ಪನ್ನು ತೂಕ ಮಾಡಿ ಬರೆದುಕೊಳ್ಳಿ. ನೂರು ಗ್ರಾಂ ದಾಟಿದ ಮೇಲೆ ಕಣ್ಣಿಟ್ಟು ನೋಡಿ. ಯಾವುದೋ ಒಂದು ಚಮಚಕ್ಕೆ ಚೆಂಡು ತಳ ಬಿಟ್ಟು ಅಲುಗಾಡಿ, ಮೆಲ್ಲಗೆ ಮೇಲೆ ಬರುತ್ತದೆ. ತುಸು ಭಾರದ ಚೆಂಡಾದರೆ ಇನ್ನೂ ಜಾಸ್ತಿ ಉಪ್ಪು ಬೇಕಾಗುತ್ತದೆ. ಒಂದೇ ಚೀಲದ ಎರಡು ಚೆಂಡುಗಳಿಗೆ ಬೇಕಾದ ಉಪ್ಪು ಬೇರೆ ಬೇರೆ ಇರಬಹುದು. ಯಾಕೆ ಎಂದು ತಕ್ಕಡಿಯನ್ನೇ ಕೇಳಿ.

ಎರಡನೇ ಹೆಜ್ಜೆ: ಪುಟಿಸಿ ನೋಡಿ

ಗೋಡೆಗೆ ಅಳತೆ ಟೇಪನ್ನು ನೆಟ್ಟಗೆ ಅಂಟಿಸಿ. ಕಾಂಕ್ರೀಟ್ ನೆಲದಿಂದ 72 ಇಂಚು, ಅಂದರೆ ಆರು ಅಡಿ ಎತ್ತರದಿಂದ ಚೆಂಡು ಬಿಡಿ. ಎಸೆಯಬಾರದು, ಸುಮ್ನೆ ಬೆರಳು ಬಿಡಿಸಬೇಕು. ಫೋನನ್ನು ಚೆಂಡು ಏರುವ ಎತ್ತರಕ್ಕೆ ಸಮವಾಗಿ ಹಿಡಿದು ವಿಡಿಯೋ ಮಾಡಿ. ಕೆಳಗಿನಿಂದ ಅಥವಾ ಮೇಲಿನಿಂದ ಓರೆಯಾಗಿ ನೋಡಿದರೆ ಅಳತೆ ತಪ್ಪುತ್ತದೆ. ಇದೂ ಒಂದು ಪಾಠವೇ. ಸರಿಯಾದ ಚೆಂಡು ನಾಲ್ಕು ಅಡಿ ಹತ್ತಿರ ಪುಟಿಯುತ್ತದೆ.

72ಕ್ಕೆ 48. ಅಂದರೆ ಮೂರರಲ್ಲಿ ಎರಡು ಪಾಲು. ಎರಡನೇ ಪುಟಿತ ಎಷ್ಟಿರಬೇಕು? 32. ಮೂರನೆಯದು? 21 ಚಿಲ್ಲರೆ. ಹೀಗೆ ಇಳಿಯುತ್ತಾ ಹೋದರೆ ಎಷ್ಟನೇ ಪುಟಿತಕ್ಕೆ ಆರು ಇಂಚಿಗಿಂತ ಕೆಳಗೆ ಬರುತ್ತದೆ ಎಂದು ಕೇಳಿ. ಲೆಕ್ಕ ಏಳನೆಯದು ಅನ್ನುತ್ತದೆ. ನಿಮ್ಮ ಚೆಂಡು ಏನನ್ನುತ್ತದೋ ನೋಡಿ. ಸ್ವಲ್ಪ ಆಚೀಚೆ ಆಗುತ್ತದೆ. ಭಿನ್ನರಾಶಿ ಕಂಡರೆ ಆಗದ ಮಕ್ಕಳೂ ಇಲ್ಲಿ ಮೂರರಲ್ಲಿ ಎರಡು ಪಾಲನ್ನು ಬೇಸರವಿಲ್ಲದೆ ಮತ್ತೆ ಮತ್ತೆ ತೆಗೆಯುತ್ತಾರೆ.

ಆಮೇಲೆ ಒಂದು ಚೆಂಡನ್ನು ರಾತ್ರಿಯಿಡೀ ಫ್ರೀಜರಿನಲ್ಲಿಡಿ. ಬೆಳಿಗ್ಗೆ ತೆಗೆದ ಕೂಡಲೇ ಅದನ್ನೂ, ಕೋಣೆಯಲ್ಲಿದ್ದ ಚೆಂಡನ್ನೂ ಒಂದಾದ ಮೇಲೊಂದು ಬಿಡಿ. ತಣ್ಣಗಾದ ರಬ್ಬರು ಬಿಗಿಯಾಗಿ, ಕಡಿಮೆ ಪುಟಿಯುತ್ತದೆ. ಮಾರ್ಚ್ ಮೊದಲ ವಾರದ ಚಳಿಯಲ್ಲಿ ಬೌನ್ಸ್ ಶಾಟ್‌ಗಳು (ಚೆಂಡನ್ನು ನೆಲಕ್ಕೆ ಪುಟಿಸಿ ಗೋಲಿನೊಳಗೆ ಹೊಡೆಯುವುದು) ಯಾಕೆ ಕೈಕೊಡುತ್ತವೆ ಎಂದು ಮಗುವಿಗೆ ಆಗ ತಾನಾಗಿಯೇ ಹೊಳೆಯಬಹುದು. ಹೊಳೆಯದಿದ್ದರೆ ಬಿಡಿ, ಬಲವಂತ ಬೇಡ. ಒಣ ಹುಲ್ಲು, ಒದ್ದೆ ಹುಲ್ಲು, ಕೃತಕ ಹುಲ್ಲಿನ ಮೈದಾನ, ಇವುಗಳ ಮೇಲೂ ಬಿಟ್ಟು ನೋಡಿ.

ಮಕ್ಕಳು 'ಗ್ರೀಸರ್' ಎಂದು ಕರೆಯುವ ಹಳೇ ಚೆಂಡು ನಿಮ್ಮ ಗ್ಯಾರೇಜಿನಲ್ಲೂ ಇರುತ್ತದೆ. ತುಂಬಾ ದಿನ ಆಡಿ ಮೇಲ್ಮೈ ನುಣುಪಾಗಿ, ಹೊಳೆಯುತ್ತಾ, ಕೈಯಿಂದ ಜಾರುವಂಥದ್ದು. ಅದನ್ನು ಎಸೆಯಬೇಡಿ, ಘರ್ಷಣೆಯ ಪಾಠಕ್ಕೆ ಅದೇ ಬೇಕು. ಒಂದು ಹಲಗೆಯ ಮೇಲೆ ಹೊಸ ಚೆಂಡು, ಗ್ರೀಸರ್ ಎರಡನ್ನೂ ಉರುಳದಂತೆ ಇಡಬೇಕು. ಮೂರು ಮೂರು ಚೆಂಡನ್ನು ಅಂಟುವ ಟೇಪು ಸುತ್ತಿ ಒಟ್ಟಿಗೆ ಕಟ್ಟಿದರೆ ಉರುಳುವುದಿಲ್ಲ. ಟೇಪು ಹಲಗೆಗೆ ತಾಗದ ಹಾಗೆ ನೋಡಿಕೊಳ್ಳಿ. ಹಲಗೆಯ ಒಂದು ತುದಿಯನ್ನು ನಿಧಾನಕ್ಕೆ ಎತ್ತಿ. ಯಾವುದು ಮೊದಲು ಜಾರಿತು, ಆಗ ಹಲಗೆ ಎಷ್ಟು ಎತ್ತರದಲ್ಲಿತ್ತು, ಬರೆದುಕೊಳ್ಳಿ.

ಮೂರನೇ ಹೆಜ್ಜೆ: ಕೋಲಿನ ಉದ್ದ, ಚೆಂಡಿನ ವೇಗ

ನಮ್ಮ ಹೊಲಗಳಲ್ಲಿ ಹಕ್ಕಿ ಓಡಿಸಲು ಬೀಸುವ ಕವಣೆ ನೆನಪಿದೆಯಲ್ಲ? ಲ್ಯಾಕ್ರೋಸ್ ಸ್ಟಿಕ್ ಕೆಲಸ ಮಾಡುವುದೂ ಅದರ ಹಾಗೆಯೇ. ಬರೀ ಕೈಗಿಂತ ಉದ್ದನೆಯದೊಂದು ಸೇರಿಕೊಂಡರೆ ತುದಿ ಜೋರಾಗಿ ಓಡುತ್ತದೆ. ಊರಿನಿಂದ ಅಜ್ಜ ಬಂದಿದ್ದರೆ ಕವಣೆಯ ವಿಷಯ ಅವರಿಂದಲೇ ಹೇಳಿಸಿ.

ಗಂಡುಮಕ್ಕಳ ಆಟದಲ್ಲಿ ಚಿಕ್ಕ ಸ್ಟಿಕ್ 40ರಿಂದ 42 ಇಂಚು. ಡಿಫೆನ್ಸ್‌ನವರ ಉದ್ದನೆಯ ಸ್ಟಿಕ್ 72 ಇಂಚಿನ ತನಕ ಇರಬಹುದು. ಅಂಗಳದಲ್ಲಿ ಒಂದು ಗೂಟಕ್ಕೆ ದಾರ ಕಟ್ಟಿ, 40 ಇಂಚಿನ ಮತ್ತು 72 ಇಂಚಿನ ಎರಡು ಕಾಲು ವೃತ್ತ ಎಳೆಸಿ. ದಾರವನ್ನು ಗೆರೆಯ ಮೇಲಿಟ್ಟು ಅಳೆದರೆ ಒಂದು ಸುಮಾರು 63 ಇಂಚು, ಇನ್ನೊಂದು 113. ಇಬ್ಬರು ಆಟಗಾರರೂ ಒಂದೇ ಹೊತ್ತಿನಲ್ಲಿ ಕಾಲು ಸುತ್ತು ಬೀಸಿದರು ಅಂದುಕೊಳ್ಳಿ. ಯಾರ ಚೆಂಡು ಜಾಸ್ತಿ ವೇಗ? 1.8 ಪಟ್ಟು ಎಂದು ಲೆಕ್ಕ ತಾನೇ ಹೇಳುತ್ತದೆ. ನಿಜವಾದ ಎಸೆತದಲ್ಲಿ ಭುಜ, ಸೊಂಟ ಎಲ್ಲ ತಿರುಗುವುದರಿಂದ ಚಿತ್ರ ಇಷ್ಟು ಸರಳ ಅಲ್ಲ. ಆದರೆ ಶುರುವಿಗೆ ಸಾಕು.

ಈಗ ಒಳ್ಳೇ ಪ್ರಶ್ನೆ ಬರುತ್ತದೆ. ಹಾಗಿದ್ದರೆ ಎಲ್ಲರೂ ಉದ್ದ ಸ್ಟಿಕ್ಕೇ ಯಾಕೆ ಹಿಡಿಯುವುದಿಲ್ಲ? ಒಂದು ಕಾರಣ, ಉದ್ದ ಸ್ಟಿಕ್ ಹಿಡಿಯುವವರ ಸಂಖ್ಯೆಗೆ ನಿಯಮವೇ ಮಿತಿ ಹಾಕಿದೆ. ಇನ್ನೊಂದು ಕಾರಣವನ್ನು ಮಗು ಕೈಯಲ್ಲೇ ಕಂಡುಕೊಳ್ಳಲಿ. ಒಂದು ಚಿಕ್ಕ ಕೋಲು, ಒಂದು ಉದ್ದನೆಯ ಪೊರಕೆ ಕೋಲು ಕೊಟ್ಟು ಹತ್ತು ಸೆಕೆಂಡಿನಲ್ಲಿ ಎಷ್ಟು ಸಲ ಎಡಕ್ಕೂ ಬಲಕ್ಕೂ ತಿರುಗಿಸಬಹುದು ಎಂದು ಎಣಿಸಿ. ಉದ್ದ ಇದ್ದಷ್ಟೂ ತಿರುಗಿಸುವುದು ಕಷ್ಟ. ಇಕ್ಕಟ್ಟಿನಲ್ಲಿ ನುಗ್ಗಿ ಗೋಲು ಹೊಡೆಯುವ ಅಟ್ಯಾಕ್ ಆಟಗಾರನಿಗೆ ಅದು ಆಗಿಬರುವುದಿಲ್ಲ.

ಕ್ರೇಡ್ಲಿಂಗ್ ಬಗ್ಗೆ ಎರಡು ಮಾತು. ಓಡುವಾಗ ಮಕ್ಕಳು ಸ್ಟಿಕ್ಕನ್ನು ತೊಟ್ಟಿಲಿನ ಹಾಗೆ ಆಚೀಚೆ ಆಡಿಸುವುದೇ ಕ್ರೇಡ್ಲಿಂಗ್, ಅದು ಚಂದಕ್ಕಲ್ಲ. ಚೆಂಡು ನೇರ ಹೋಗಲು ನೋಡುತ್ತದೆ, ಪಾಕೆಟ್ಟಿನ ಬಲೆ ಅದನ್ನು ಒಳಕ್ಕೆ ತಳ್ಳಿ ತಿರುಗಿಸುತ್ತದೆ. ಹಾಗಾಗಿ ಚೆಂಡು ಬಲೆಗೆ ಒತ್ತಿಕೊಂಡಿರುತ್ತದೆ. ಟೆನಿಸ್ ಚೆಂಡಿಗೆ ದಾರ ಕಟ್ಟಿ, ನೆಲಕ್ಕೆ ಸಮವಾಗಿ ತಲೆಯ ಮೇಲೆ ತಿರುಗಿಸಿ, ಥಟ್ಟನೆ ಕೈಬಿಟ್ಟರೆ ಚೆಂಡು ಯಾವ ಕಡೆ ಹಾರುತ್ತದೆ? ಮೊದಲು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬಾಣ ಬರೆಸಿ. ಬಹಳ ಮಕ್ಕಳು, ದೊಡ್ಡವರೂ ಸೇರಿ, ಕೇಂದ್ರದಿಂದ ನೇರ ಹೊರಕ್ಕೆ ಬಾಣ ಹಾಕುತ್ತಾರೆ. ಚೆಂಡು ಹೋಗುವುದು ಬೇರೆ ಕಡೆ. ಬಿಟ್ಟ ಕ್ಷಣಕ್ಕೆ ಅದು ವೃತ್ತದ ಗೆರೆಯಲ್ಲಿ ಯಾವ ದಿಕ್ಕಿಗೆ ಮುಖ ಮಾಡಿತ್ತೋ ಆ ದಿಕ್ಕಿಗೆ.

ನಾಲ್ಕನೇ ಹೆಜ್ಜೆ: ಗೋಲಿ ಎಲ್ಲಿ ನಿಲ್ಲಬೇಕು?

ಒಂದೇ ಒಂದು ಪ್ರಯೋಗ ಮಾಡಲು ಸಮಯ ಇದ್ದರೆ ಇದನ್ನು ಮಾಡಿ. ಇದರಷ್ಟು ಗಣಿತ ಬೇರೆಲ್ಲೂ ಸಿಗುವುದಿಲ್ಲ.

ಗೋಲು ಆರು ಅಡಿ ಅಗಲ, ಆರು ಅಡಿ ಎತ್ತರದ ಚೌಕ. ಗಂಡುಮಕ್ಕಳ ಮೈದಾನದಲ್ಲಿ ಅದರ ಸುತ್ತ ಒಂಬತ್ತು ಅಡಿ ತ್ರಿಜ್ಯದ ವೃತ್ತ, ಅದೇ ಕ್ರೀಸ್. ಡ್ರೈವ್‌ವೇ ಮೇಲೆ ಆರು ಅಡಿ ಗೆರೆ ಎಳೆದು ಎರಡು ತುದಿಗೂ ಇಟ್ಟಿಗೆ ಇಡಿ. ಇವೇ ಗೋಲು ಕಂಬಗಳು. ಗೋಲಿನ ನಡುವಿನಿಂದ 30 ಅಡಿ ದೂರದಲ್ಲಿ, ನೇರ ಎದುರಿಗೆ, ಒಂದು ಗುರುತು. ಅಲ್ಲಿಂದ ಎರಡೂ ಇಟ್ಟಿಗೆಗೆ ದಾರ ಎಳೆಯಿರಿ. ದಾರಗಳ ನಡುವಿನ ಜಾಗವೇ ಎಸೆಯುವವನಿಗೆ ಸಿಗುವ ಅವಕಾಶ. ಕೋನಮಾಪಕ ಇಟ್ಟರೆ 11 ಡಿಗ್ರಿ ಚಿಲ್ಲರೆ.

ಈಗ ಅದೇ 30 ಅಡಿ ದೂರ ಇಟ್ಟುಕೊಂಡು, 45 ಡಿಗ್ರಿ ಪಕ್ಕಕ್ಕೆ ಸರಿದು ಇನ್ನೊಂದು ಗುರುತು ಹಾಕಿ, ಮತ್ತೆ ದಾರ ಎಳೆಯಿರಿ. ಕೋನ 8 ಡಿಗ್ರಿಗೆ ಇಳಿಯುತ್ತದೆ. ಇನ್ನೂ ಸರಿದು 75 ಡಿಗ್ರಿಗೆ ಹೋದರೆ ಬರೀ 3. ಗೋಲು ಗೆರೆಯ ನೇರಕ್ಕೆ ಬಂದರೆ ಸೊನ್ನೆ. ದೂರ ಅಷ್ಟೇ ಇದೆ, ಗೋಲೂ ಅದೇ ಇದೆ, ಆದರೂ ಅದು ಬಾಗಿಲು ಮುಚ್ಚಿದಂತೆ ಕಿರಿದಾಗುತ್ತಾ ಹೋಯಿತು, ಅಲ್ವಾ? "ನಡುವಿಗೆ ಬಂದು ಹೊಡಿ" ಎಂದು ಕೋಚ್ ಯಾಕೆ ಕೂಗುತ್ತಾರೆ ಎಂದು ಮಗುವಿಗೆ ಈಗ ಕಣ್ಣಿಗೇ ಕಾಣುತ್ತದೆ. ಹೊರಗೆ ಮಳೆ ಇದ್ದರೆ ನೋಟ್‌ಬುಕ್ಕಿನಲ್ಲಿ ಒಂದು ಚೌಕ ಒಂದು ಅಡಿ ಎಂದು ಇಟ್ಟುಕೊಂಡು ಬಿಡಿಸಿ. ಹೈಸ್ಕೂಲಿನವರು ತ್ರಿಕೋನಮಿತಿಯಲ್ಲಿ ಲೆಕ್ಕ ಹಾಕಿ ತಾಳೆ ನೋಡಲಿ.

ಮುಂದಿನದು ಗೋಲಿಯ ಸರದಿ. ನೇರ ಎದುರಿನ ಎರಡು ದಾರಗಳನ್ನು ಹಾಗೇ ಬಿಡಿ. ಗೋಲು ಗೆರೆಯ ಮೇಲೆ ನಿಂತರೆ ಕಾಯಬೇಕಾದ ಅಗಲ ಆರು ಅಡಿ. ಐದು ಅಡಿ ಮುಂದೆ ಬಂದು ದಾರಗಳ ನಡುವಿನ ದೂರ ಅಳೆಯಿರಿ. ಸರಿಯಾಗಿ ಐದು ಅಡಿ. 30ರಲ್ಲಿ 25 ಪಾಲು ದೂರ ಉಳಿದಿದೆ, ಹಾಗಾಗಿ ಅಗಲವೂ ಆರರಲ್ಲಿ ಐದು ಪಾಲು. ಸಮರೂಪ ತ್ರಿಭುಜ ಅಂದರೆ ಇದೇ. ಶಾಲೆಯ ಪುಸ್ತಕದಲ್ಲಿ ಕಂಬದ ನೆರಳು ಅಳೆಯುವ ಲೆಕ್ಕ ಓದಿ ಆಕಳಿಸಿದ ಮಗು ಇಲ್ಲಿ ತಾನೇ ದಾರದ ನಡುವೆ ನಿಂತು ಕೈ ಚಾಚಿ ನೋಡುತ್ತದೆ.

ಹಾಗಾದರೆ ಇನ್ನೂ ಮುಂದೆ, ಎಸೆಯುವವನ ಮೂಗಿನ ತನಕ ಹೋಗಿಬಿಡಬಹುದಲ್ಲ? ಇಲ್ಲಿ ಸಮಯದ ಲೆಕ್ಕ ಬರುತ್ತದೆ. ಸೆಕೆಂಡಿಗೆ 60 ಅಡಿ ವೇಗದ ಚೆಂಡು 30 ಅಡಿ ಬರಲು ಅರ್ಧ ಸೆಕೆಂಡು. 25 ಅಡಿಗೆ 0.42 ಸೆಕೆಂಡು. ಮುಂದೆ ಬಂದಷ್ಟೂ ಕಾಯುವ ಅಗಲ ಕಡಿಮೆ, ಕೈ ಆಡಿಸುವ ಸಮಯವೂ ಕಡಿಮೆ.

ಮಗುವಿನ ಕೈ ಎಷ್ಟು ಚುರುಕು ಎಂದು ತಿಳಿಯಲು ಸ್ಕೇಲು ಸಾಕು. ಸ್ಕೇಲಿನ ಸೊನ್ನೆಯ ತುದಿ ಮಗುವಿನ ಬೆರಳುಗಳ ನಡುವೆ ಇರಲಿ. ಹೇಳದೆ ಕೇಳದೆ ಬಿಡಿ. 15 ಸೆಂ.ಮೀ.ನಲ್ಲಿ ಹಿಡಿದರೆ 0.17 ಸೆಕೆಂಡು, 20 ಆದರೆ 0.20, 30 ಆದರೆ 0.25. 0.2 ಸೆಕೆಂಡಿನಲ್ಲಿ ಆ ಚೆಂಡು 12 ಅಡಿ ಬಂದಾಗಿರುತ್ತದೆ. ಅಂದರೆ ಗೋಲಿಯ ಕೈ ಅಲುಗುವ ಹೊತ್ತಿಗೆ ದಾರಿ ಅರ್ಧ ಮುಗಿಯುತ್ತಾ ಬಂದಿರುತ್ತದೆ. ಒಳ್ಳೇ ಗೋಲಿಗಳು ಚೆಂಡಿಗಾಗಿ ಕಾಯದೆ ಎಸೆಯುವವನ ಕೈ, ಸ್ಟಿಕ್ಕಿನ ತಲೆ ನೋಡುವುದು ಇದಕ್ಕೇ.

ಐದನೇ ಹೆಜ್ಜೆ: ಫೋನಿನಲ್ಲಿ ವೇಗ ಅಳೆಯಿರಿ

ಫೋನನ್ನು ಸ್ಲೋಮೋಷನ್‌ಗೆ ಹಾಕಿ. ಎಷ್ಟೋ ಫೋನುಗಳು ಸೆಕೆಂಡಿಗೆ 240 ಚಿತ್ರ ಹಿಡಿಯುತ್ತವೆ. ಗೋಲಿನಿಂದ 9 ಮೀಟರ್ ದೂರದಿಂದ ಮಗು ಎಸೆಯಲಿ. ನೀವು ಪಕ್ಕದಲ್ಲಿ, ದೂರ ನಿಂತು, ಚೆಂಡು ಸ್ಟಿಕ್ ಬಿಡುವುದೂ ಬಲೆ ತಾಗುವುದೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಹಿಡಿಯಿರಿ. ಆಮೇಲೆ ಒಂದೊಂದೇ ಚಿತ್ರ ಸರಿಸುತ್ತಾ ಎಣಿಸಿ. 120 ಚಿತ್ರ ಬಂತು ಅಂದರೆ ಅರ್ಧ ಸೆಕೆಂಡು. 9 ಮೀಟರ್, ಅರ್ಧ ಸೆಕೆಂಡು, ಸೆಕೆಂಡಿಗೆ 18 ಮೀಟರ್. 3.6ರಿಂದ ಗುಣಿಸಿದರೆ ಗಂಟೆಗೆ ಸುಮಾರು 65 ಕಿಲೋಮೀಟರ್. ಅದನ್ನು 1.6ರಿಂದ ಭಾಗಿಸಿದರೆ 40 ಮೈಲಿ. ಶಾಲೆಯ ವಿಜ್ಞಾನದಲ್ಲಿ ಮೀಟರ್, ಮೈದಾನದಲ್ಲಿ ಯಾರ್ಡ್, ರಸ್ತೆಯಲ್ಲಿ ಮೈಲಿ ಎಂದು ಒದ್ದಾಡುವ ಅಲ್ಲಿನ ಮಕ್ಕಳಿಗೆ ಈ ಪರಿವರ್ತನೆ ದಿನಾ ಬೇಕಾಗುವಂಥದ್ದು.

ವೃತ್ತಿಪರ ಆಟಗಾರರಲ್ಲಿ ಜೋರಾಗಿ ಹೊಡೆಯುವವರ ಶಾಟ್ ಗಂಟೆಗೆ 100 ಮೈಲಿ ದಾಟುತ್ತದೆ. 2003ರ ವಿಶ್ವಕಪ್‌ನಲ್ಲಿ ಶೋಯೆಬ್ ಅಖ್ತರ್ ಹಾಕಿದ 161.3 ಕಿಲೋಮೀಟರ್ ವೇಗದ ಚೆಂಡು ಎಷ್ಟು ಮೈಲಿ ಎಂದು ಮಗುವಿಗೆ ಲೆಕ್ಕ ಹಾಕಲು ಕೊಡಿ. ಅಪ್ಪನ ಕ್ರಿಕೆಟ್ಟು, ಮಗಳ ಲ್ಯಾಕ್ರೋಸು ಒಂದೇ ಪುಟದಲ್ಲಿ ಬರುತ್ತವೆ.

ಆರನೇ ಹೆಜ್ಜೆ: ಅಂಕಿ ಅಂಶ, ಆದರೆ ಹುಷಾರಾಗಿ

ಪಂದ್ಯ ನೋಡುವಾಗ ತಮ್ಮ ತಂಡದ್ದಲ್ಲದ ಆಟದಲ್ಲಿ ಮಕ್ಕಳು ಗೀಟು ಹಾಕಿ ಎಣಿಸಲಿ: ಶಾಟು, ಗೋಲು, ಸೇವ್ (ಗೋಲಿ ತಡೆದ ಶಾಟು), ಗ್ರೌಂಡ್ ಬಾಲ್ (ನೆಲದಲ್ಲಿದ್ದ ಚೆಂಡನ್ನು ಎತ್ತಿಕೊಂಡದ್ದು). ಅಮೆರಿಕದ ಕಾಲೇಜು ಚಾಂಪಿಯನ್‌ಷಿಪ್ ಮೇ ಕೊನೆಯ ಮೆಮೋರಿಯಲ್ ಡೇ ವಾರಾಂತ್ಯದಲ್ಲಿ ಬರುತ್ತದೆ, ಅದು ಒಳ್ಳೇ ಸಮಯ. ಗೋಲಿಯ ಸೇವ್ ಶೇಕಡಾವಾರು ತೆಗೆಯಲು ಸೇವ್‌ಗಳನ್ನು, ಸೇವ್ ಮತ್ತು ಬಿಟ್ಟುಕೊಟ್ಟ ಗೋಲುಗಳ ಮೊತ್ತದಿಂದ ಭಾಗಿಸಬೇಕು. ಹೊರಗೆ ಹೋದ ಶಾಟ್ ಲೆಕ್ಕಕ್ಕಿಲ್ಲ. 9 ಸೇವ್, 6 ಗೋಲು ಆದರೆ 60 ಶೇಕಡಾ. ಮಕ್ಕಳು ಬಹಳ ಸಲ 6ರಿಂದ ಭಾಗಿಸಿ 150 ಶೇಕಡಾ ತರುತ್ತಾರೆ. ತಿದ್ದಬೇಡಿ, "150 ಶೇಕಡಾ ಅಂದ್ರೆ ಏನು?" ಎಂದು ಕೇಳಿ ಸುಮ್ಮನಿರಿ.

ತಮ್ಮದೇ ತಂಡದ ಮಕ್ಕಳ ಶೇಕಡಾವಾರು ಪಟ್ಟಿ ಮಾತ್ರ ಮಾಡಿಸಬೇಡಿ. ಎರಡು ಶಾಟ್‌ನಲ್ಲಿ ಒಂದು ಗೋಲು ಹೊಡೆದವನು 50, ಎಂಟರಲ್ಲಿ ಮೂರು ಹೊಡೆದವನು 37.5. ಯಾರು ಉತ್ತಮ ಎನ್ನುವ ಜಗಳ ಗೆಳೆತನ ಕೆಡಿಸುತ್ತದೆ.

ಏಳನೇ ಹೆಜ್ಜೆ: ಈ ಆಟ ಯಾರದ್ದು ಎಂದು ಹೇಳಿ

ಕೋಲಿನ ಲೆಕ್ಕವೆಲ್ಲ ಕಲಿತು, ಆ ಕೋಲು ಯಾರ ಕೈಯಿಂದ ಬಂತು ಎಂದು ತಿಳಿಯದಿದ್ದರೆ ಅರ್ಧ ಪಾಠವೇ. ಲ್ಯಾಕ್ರೋಸ್ ಉತ್ತರ ಅಮೆರಿಕದ ಮೂಲನಿವಾಸಿಗಳ ಆಟ. ಅವರಲ್ಲಿ ಹೌಡೆನೊಸೌನಿ ಒಕ್ಕೂಟದ ಆರು ಜನಾಂಗಗಳು, ಮೋಹಾಕ್, ಒನೈಡಾ, ಆನಂಡಾಗ, ಕಯೂಗ, ಸೆನೆಕ, ಟಸ್ಕರೋರ, ಇದನ್ನು ಸೃಷ್ಟಿಕರ್ತನ ಆಟ ಎಂದು ನಂಬುತ್ತಾರೆ. ಮಾಂಟ್ರಿಯಲ್‌ನ ದಂತವೈದ್ಯ ವಿಲಿಯಂ ಜಾರ್ಜ್ ಬಿಯರ್ಸ್ 1867ರಲ್ಲಿ ನಿಯಮ ಬರೆದಿಟ್ಟರು. ಹೌಡೆನೊಸೌನಿ ತಂಡ ಇಂದಿಗೂ ತನ್ನದೇ ರಾಷ್ಟ್ರದ ಹೆಸರಲ್ಲಿ ಆಡುತ್ತದೆ. 2010ರಲ್ಲಿ ಅವರ ಪಾಸ್‌ಪೋರ್ಟನ್ನು ಬ್ರಿಟನ್ ಒಪ್ಪದೆ ಮ್ಯಾಂಚೆಸ್ಟರ್‌ನ ವಿಶ್ವ ಚಾಂಪಿಯನ್‌ಷಿಪ್ ಅವರಿಗೆ ತಪ್ಪಿತು. ಲ್ಯಾಕ್ರೋಸ್ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿದ್ದು 2023ರ ಅಕ್ಟೋಬರ್‌ನಲ್ಲಿ, ಮುಂಬೈನಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸಭೆಯಲ್ಲಿ. ಕ್ರಿಕೆಟ್ಟಿಗೂ ಅದೇ ದಿನ ಬಾಗಿಲು ತೆರೆಯಿತು.

ಇದರಲ್ಲೂ ವಿಜ್ಞಾನ ಇದೆ. ಅವರ ಸಾಂಪ್ರದಾಯಿಕ ಕೋಲು ಹಿಕರಿ ಮರದ್ದು. ಸೀಳಿ, ಹಬೆಯಲ್ಲಿ ಬೇಯಿಸಿ, ತುದಿ ಬಗ್ಗಿಸಿ, ತಿಂಗಳುಗಟ್ಟಲೆ ಒಣಗಿಸುತ್ತಾರೆ. ಬಿಸಿ ಮತ್ತು ತೇವಕ್ಕೆ ಮರದ ನಾರುಗಳನ್ನು ಅಂಟಿಸಿಕೊಂಡಿರುವ ಲಿಗ್ನಿನ್ ಮೆತ್ತಗಾಗುತ್ತದೆ, ಆರಿದ ಮೇಲೆ ಬಗ್ಗಿದ ಆಕಾರದಲ್ಲೇ ಗಟ್ಟಿಯಾಗುತ್ತದೆ. ಮನೆಯಲ್ಲಿ ಐಸ್‌ಕ್ರೀಮ್ ಕಡ್ಡಿ ಸಾಕು. ಒಣ ಕಡ್ಡಿ ಬಗ್ಗಿಸಿದರೆ ಟಕ್ಕನೆ ಮುರಿಯುತ್ತದೆ. ಅರ್ಧ ಗಂಟೆ ಕುದಿಸಿ, ಕೈಗೆ ತಾಳುವಷ್ಟು ಆರಿಸಿ, ನಿಧಾನಕ್ಕೆ ಬಗ್ಗಿಸಿ ಲೋಟದೊಳಗೆ ಕೂರಿಸಿ. ಮಾರನೇ ದಿನ ತೆಗೆದರೆ ಬಳೆಯ ಹಾಗೆ ಬಾಗಿ ನಿಂತಿರುತ್ತದೆ. ಒಂದೆರಡು ಮುರಿಯುತ್ತವೆ, ಹೆಚ್ಚಿಗೆ ಹಾಕಿಕೊಳ್ಳಿ. ಒಲೆಯ ಕೆಲಸ ನಿಮ್ಮದು.

ಕರ್ನಾಟಕದಲ್ಲಿ ಇರುವವರಿಗೆ

ಇಲ್ಲಿ ಲ್ಯಾಕ್ರೋಸ್ ಸ್ಟಿಕ್ ಸುಲಭಕ್ಕೆ ಸಿಗುವುದಿಲ್ಲ, ಆದರೆ ಚೆಂಡು ಸಿಗುತ್ತದೆ. ಬೆನ್ನು, ಪಾದ ಒತ್ತಿಕೊಳ್ಳಲು ಮಸಾಜ್ ಬಾಲ್ ಎಂದು ಆನ್‌ಲೈನ್‌ನಲ್ಲಿ ಮಾರುವ ಗಟ್ಟಿ ರಬ್ಬರ್ ಚೆಂಡಿನ ಮೇಲೆ ಎಷ್ಟೋ ಸಲ ಲ್ಯಾಕ್ರೋಸ್ ಎಂದೇ ಬರೆದಿರುತ್ತದೆ. ಒಂದು ತರಿಸಿ. ದಾರದ ಪ್ರಯೋಗಕ್ಕೆ ಗೋಲು ಬೇಡ, ಎರಡು ಇಟ್ಟಿಗೆ ಸಾಕು. ಮೊದಲ ಕೆಲಸವಾಗಿ ಆ ಚೆಂಡು ನಿಜಕ್ಕೂ ಆಟಕ್ಕೆ ಲಾಯಕ್ಕೋ ಎಂದು ಮಕ್ಕಳೇ ತೀರ್ಪು ಕೊಡಲಿ: ಸುತ್ತಳತೆ 19.7ರಿಂದ 20.3 ಸೆಂ.ಮೀ. ಒಳಗಿದೆಯೇ, ತೂಕ 142ರಿಂದ 149 ಗ್ರಾಂ ಇದೆಯೇ, ಆರು ಅಡಿಯಿಂದ ಬಿಟ್ಟರೆ ನಾಲ್ಕು ಅಡಿ ಏಳುತ್ತದೆಯೇ?